ಅಮ್ಮಿ ತಡೆದ ಅಧ್ಯಾಯ

ನಾನು ಅಜ್ಜಿಕಥೆಯ ಪರಿಗಳ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ ಎಂದು ಹೇಳಿದಾಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಬೇರೆ ಮನೆಯಾಗಿದ್ದರೆ ‘ಇಷ್ಟು ದೊಡ್ಡವಳಾಗಿ ಏನಿದು ಹುಚ್ಚು’ ಎಂದು ನಕ್ಕು ನನ್ನನ್ನು ನನ್ನ ಪಾಡಿಗೆ ಬಿಟ್ಟುಬಿಡುತ್ತಿದ್ದರು. ನನ್ನ ಅಮ್ಮಿ ಒಲೆಯನ್ನು ಸಣ್ಣ ಮಾಡಿ, ದುಪಟ್ಟಾದ ತುದಿಗೆ ಕೈ ಒರೆಸಿಕೊಂಡು ಗಂಭೀರವಾಗಿ ಕೇಳಿದಳು: “ಯಾವ ಪರಿ? ನೀರಿನವೋ, ಗಿಡದವೋ?”

“ನೀರಿನವು” ಎಂದೆ.

“ನೀರಿನವು ಬಾಳ ಸೂಕ್ಷ್ಮ. ನೋಡಿ ಬರಿ” ಎಂದು ಮತ್ತೆ ರೊಟ್ಟಿ ತಟ್ಟತೊಡಗಿದಳು.

ನಮ್ಮ ಮನೆ ದಾಂಡೇಲಿಯಲ್ಲಿ, ಕಾಗದದ ಮಿಲ್ಲಿನ ಭೋಂಗಾ ಕೂಗಿದರೆ ಕಿಟಕಿಯ ಗಾಜು ನಡುಗುವಷ್ಟು ಹತ್ತಿರ. ಅಬ್ಬಾ ಹಳಿಯಾಳ ರಸ್ತೆಯಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡು ಮೋಟರ್ ಸೈಕಲ್ ರಿಪೇರಿ ಮಾಡುತ್ತಾನೆ. ಮನೆಯೊಳಗೆ ನಾವು ಉರ್ದು ಆಡುತ್ತೇವೆ, ಹೊಸ್ತಿಲು ದಾಟಿದರೆ ಕನ್ನಡ. ಅಮ್ಮಿ ಮಾತ್ರ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತಾಳೆ. ಇಲ್ಲಿ ಅವಳ ಮಾತನ್ನು ಓಣಿಯ ಹೆಂಗಸರ ಜೊತೆ ಅವಳು ಆಡುವ ಕನ್ನಡದಲ್ಲೇ ಬರೆಯುತ್ತೇನೆ. ಅದು ಅವಳ ಬಾಯಿಗೆ ಒಗ್ಗಿದ ಕನ್ನಡ, ನನ್ನ ಕಿವಿಗೂ.

ನಾನು ಜೊಯಿಡಾದ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಕನ್ನಡ ಕಲಿಸುತ್ತೇನೆ. ದಾಂಡೇಲಿಯಿಂದ ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಬಾರದು, ಅವರಿಗೆ ಸಿಟ್ಟು ಬರುತ್ತದೆ. ಕಾದಂಬರಿಯನ್ನು ನಾನು ಬರೆದದ್ದು ಆ ಬಸ್ಸಿನಲ್ಲೇ, ಫೋನಿನಲ್ಲಿ, ಒಂದು ಹೆಬ್ಬೆರಳಿನಿಂದ. ಇನ್ನೊಂದು ಕೈ ಕಂಬಿ ಹಿಡಿಯಲು ಬೇಕಾಗುತ್ತಿತ್ತು. ತಿರುವು ಬಂದಾಗ ಟೈಪ್ ಮಾಡಲಾಗದೆ ಯೋಚನೆ ಮಾಡುತ್ತಿದ್ದೆ. ನನ್ನ ಪುಸ್ತಕದಲ್ಲಿ ಯೋಚನೆ ಜಾಸ್ತಿ ಎಂದು ಯಾರಾದರೂ ದೂರಿದರೆ ಅದಕ್ಕೆ ಲೋಕೋಪಯೋಗಿ ಇಲಾಖೆಯೂ ಪಾಲುದಾರ.

ಬರೆಯಲು ಹಚ್ಚಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಮನೆಯಲ್ಲಿ ಕೊಂಕಣಿ ಆಡುವವಳು, ಕಾಡೊಳಗಿನ ಹಳ್ಳಿಯಿಂದ ನಡೆದು ಬರುವವಳು, ಸಿಕ್ಕಿದ್ದನ್ನೆಲ್ಲ ಓದುವವಳು. ಶಾಲೆಯ ಕಪಾಟಿನಲ್ಲಿ ಪರಿಗಳ ಪುಸ್ತಕಗಳಿದ್ದವು. ಎಲ್ಲ ಪರಿಗಳಿಗೂ ಬಂಗಾರದ ಕೂದಲು, ಗಾಜಿನ ಚಪ್ಪಲಿ, ಕೈಯಲ್ಲೊಂದು ಕೋಲು. ಅವಳು ಪುಸ್ತಕ ಹಿಂದಿರುಗಿಸುತ್ತ ಹೇಳಿದಳು: “ಟೀಚರ್, ಇವು ನಮ್ಮ ಕಡೆ ಬಂದ್ರ ಬದುಕಂಗಿಲ್ಲ. ಜಿಗಣಿ ಹತ್ತತಾವ.”

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಹಟ ಬಂತು. ಜಿಗಣಿಗೆ ಹೆದರದ ಪರಿಗಳನ್ನು ನಾನೇ ಬರೆಯುತ್ತೇನೆ ಎಂದು ಅವತ್ತೇ ತೀರ್ಮಾನ ಮಾಡಿದೆ. ನನಗೆ ಹಟ ಬರುವುದು ಹೆಚ್ಚು ಸಲ ಬೇಡದ ಜಾಗದಲ್ಲಿ, ಈ ಸಲ ಮಾತ್ರ ಸರಿಯಾದ ಜಾಗದಲ್ಲಿ ಬಂದಿತ್ತು.

ಇಲ್ಲಿ ಕನಸಿನ ವಿಷಯ ಹೇಳಬೇಕು. ನಮ್ಮ ಅಮ್ಮಿ ಓಣಿಗೆಲ್ಲ ಕನಸು ಕೇಳುವವಳು. ಬೆಳಗಿನ ನಮಾಜು ಮುಗಿದು ಬಿಸಿಲು ಬಂದ ಮೇಲೆ ಒಬ್ಬರಾದರೂ ಬಾಗಿಲಿಗೆ ಬಂದಿರುತ್ತಾರೆ. ಮಿಲ್ ಕೆಲಸಗಾರರ ಹೆಂಡತಿಯರು, ಹಣ್ಣಿನ ಗಾಡಿಯವಳು, ಎದುರು ಮನೆಯ ಲಿಂಗಾಯತರ ಅಜ್ಜಿ. ಅದಕ್ಕೊಂದು ಕ್ರಮವಿದೆ. ಕನಸನ್ನು ಸಂಜೆ ಹೇಳಬಾರದು. ಕಂಡಕಂಡವರಿಗೆ ಹೇಳಬಾರದು. ಕೇಳುವವರು ಮೊದಲು ‘ಖೈರ್’, ಒಳ್ಳೆಯದಾಗಲಿ, ಎಂದು ಹೇಳಿಯೇ ಕೇಳಬೇಕು. ಯಾಕೆಂದರೆ ಕನಸಿಗೆ ಮೊದಲು ಕೇಳಿದವರು ಏನು ಅರ್ಥ ಹೇಳುತ್ತಾರೋ ಅದೇ ಆಗುತ್ತದೆ. ಮೊದಲ ಮಾತು ಅಂಟಿಕೊಳ್ಳುತ್ತದೆ. ಆದ್ದರಿಂದ ನಮ್ಮ ಮೇಲೆ ಪ್ರೀತಿ ಇದ್ದವರಿಗೇ ಮೊದಲು ಹೇಳಬೇಕು.

ಅಮ್ಮಿ ಹೇಳುವ ಅರ್ಥಗಳಿಗೆ ಯಾವ ಆಧಾರವೂ ಇಲ್ಲವೆಂದು ನನಗೆ ಚಿಕ್ಕಂದಿನಿಂದ ಗುಮಾನಿ. ಹಲ್ಲು ಉದುರಿದ ಕನಸು ಬಿತ್ತೆಂದು ಒಬ್ಬಳು ಅಳುತ್ತ ಬಂದರೆ “ಹಳೇ ಬ್ಯಾನಿ ಉದುರಿ ಹೋಗ್ತೈತಿ” ಎನ್ನುತ್ತಾಳೆ. ಮನೆಗೆ ಬೆಂಕಿ ಬಿದ್ದ ಕನಸಿಗೆ “ಥಂಡಿ ದಿನಾ ಬೆಚ್ಚಗ ಹೋಗ್ತಾವ” ಎಂದಿದ್ದಳು. ಬಂದವರು ಕಣ್ಣೊರೆಸಿಕೊಂಡು ಚಹಾ ಕುಡಿದು ಹೋಗುತ್ತಾರೆ.

ತೀರ ಕೆಟ್ಟ ಕನಸಾದರೆ ಅದನ್ನು ಮನುಷ್ಯರಿಗೆ ಹೇಳುವುದೇ ಇಲ್ಲ. ಹರಿಯುವ ನೀರಿಗೆ ಹೇಳಬೇಕು. ನೀರು ಒಯ್ಯುತ್ತದೆ. ಕಾಳಿ ನದಿ ಊರೊಳಗೇ ಇದ್ದರೂ ಪ್ರತಿ ಸಲ ಅಲ್ಲಿಗೆ ಹೋಗುವುದು ಯಾರಿಗೆ ಆಗುತ್ತದೆ? ನಳದ ನೀರೂ ಹರಿಯುವ ನೀರೇ ಎಂದು ಅಮ್ಮಿ ತೀರ್ಪು ಕೊಟ್ಟಿದ್ದಳು. ನಮ್ಮ ಓಣಿಯಲ್ಲಿ ದಿನ ಬಿಟ್ಟು ದಿನ ನಳಕ್ಕೆ ನೀರು. ನಡುವಿನ ದಿನ ಕೆಟ್ಟ ಕನಸು ಬಿದ್ದವರು ಬಾಯಿ ಮುಚ್ಚಿಕೊಂಡು ಮರುದಿನದವರೆಗೆ ಕಾಯುತ್ತಿದ್ದರು. ಯಾರಾದರೂ ಬೆಳಗಿನಿಂದ ಮಾತಾಡದೆ ಓಡಾಡುತ್ತಿದ್ದರೆ ಕಾರಣ ಎಲ್ಲರಿಗೂ ಗೊತ್ತಾಗುತ್ತಿತ್ತು.

ನೀರಿಗೆ ಹೇಳಿದ ಕನಸು ಎಲ್ಲಿಗೆ ಹೋಗುತ್ತದೆ ಎಂದು ಚಿಕ್ಕವಳಿದ್ದಾಗ ನಾನು ಕೇಳುತ್ತಿದ್ದೆ. ಯಾರೂ ಸರಿಯಾಗಿ ಹೇಳಲಿಲ್ಲ. ನನ್ನ ಕಾದಂಬರಿ ಅದಕ್ಕೆ ಉತ್ತರ. ಊರಾಚೆಯ ಮೌಳಂಗಿಯಲ್ಲಿ ನದಿ ಬಂಡೆಗಳ ನಡುವೆ ಹರಡಿಕೊಂಡು ಹರಿಯುತ್ತದಲ್ಲ, ಅದರ ಕೆಳಗೆ ನನ್ನ ಪರಿಗಳು ಇರುತ್ತಾರೆ. ಕಪ್ಪಗಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಜಿಗಣಿಯನ್ನು ಬೆರಳಲ್ಲಿ ಕಿತ್ತು ಬಿಸಾಡುತ್ತಾರೆ. ಊರವರು ನೀರಿಗೆ ಹೇಳಿ ಕೈತೊಳೆದುಕೊಂಡ ಕನಸುಗಳನ್ನು ಹಿಡಿದು, ಒಗೆದು, ಬಂಡೆಯ ಮೇಲೆ ಒಣಗಿಸಿ ಇಟ್ಟುಕೊಳ್ಳುವುದು ಅವರ ಕೆಲಸ. ಬೇಡವೆಂದು ಬಿಟ್ಟದ್ದು ಯಾವುದೂ ಅಲ್ಲಿ ಹಾಳಾಗುವುದಿಲ್ಲ. ನನ್ನ ನಾಯಕಿಗೆ ಹದಿನಾರು ವರ್ಷ, ಗ್ಯಾರೇಜಿನವನ ಮಗಳು, ಅವಳಿಗೊಬ್ಬಳು ಅಕ್ಕ. ಅಕ್ಕ ಒಂದು ಕನಸನ್ನು ನೀರಿಗೆ ಹೇಳಿ, ಆಮೇಲೆ ಅದನ್ನು ವಾಪಸ್ ಕೇಳಲು ನದಿಗೆ ಇಳಿಯುತ್ತಾಳೆ. ಕಥೆ ಅಷ್ಟೇ. ಧಾರವಾಡದ ಪ್ರಕಾಶಕರು ಪರಿ ಎನ್ನುವುದನ್ನು ಕಿನ್ನರಿ ಎಂದು ಮಾಡೋಣವೇ ಎಂದು ಕೇಳಿದ್ದರು. ನಮ್ಮ ಓಣಿಯಲ್ಲಿ ಕಿನ್ನರಿಯರು ಯಾರೂ ಇಲ್ಲ ಸರ್ ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಬರೆದದ್ದನ್ನು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಓದುತ್ತಿದ್ದೆ. ಮರುದಿನ ರೊಟ್ಟಿ ತಟ್ಟುವ ಹೊತ್ತಿನಲ್ಲಿ ಅಮ್ಮಿಗೆ. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬಾರದು. ಪ್ರತಿ ಅಧ್ಯಾಯಕ್ಕೂ ಮೊದಲು ‘ಖೈರ್’ ಎನ್ನುತ್ತಿದ್ದಳು. ನಾಯಕಿ ಸಂಜೆ ಕೂದಲು ಬಿಟ್ಟುಕೊಂಡು ನದಿಗೆ ಹೋದದ್ದಕ್ಕೆ ನನಗೆ ಬೈದಳು. ಪರಿಗಳ ಮುದುಕಿಯೊಬ್ಬಳು ಎಲೆ ಅಡಿಕೆ ಹಾಕಿಕೊಂಡು ಜಗಳ ತೆಗೆಯುವ ಜಾಗದಲ್ಲಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಅಂಥ ಕೇಳುಗರು ಮತ್ತೆ ಸಿಗುವುದಿಲ್ಲ.

ಹನ್ನೆರಡನೆಯ ಅಧ್ಯಾಯದಲ್ಲಿ ಎಲ್ಲ ಕೆಟ್ಟಿತು. ಅದರಲ್ಲಿ ನಾಯಕಿಗೆ ಒಂದು ಕನಸು ಬೀಳುತ್ತದೆ. ಅಕ್ಕ ನೀರಿನೊಳಗೆ ನಡೆದುಕೊಂಡು ಹೋಗುತ್ತಾಳೆ, ಪರಿಗಳು ದಾರಿ ಬಿಡುತ್ತಾರೆ, ಅಕ್ಕ ತಿರುಗಿ ನೋಡುವುದಿಲ್ಲ. ಎದ್ದು ನೋಡಿದರೆ ಅಕ್ಕನ ಹಾಸಿಗೆ ಖಾಲಿ. ನಾಯಕಿ ಮೌಳಂಗಿಯ ಬಂಡೆಯ ಮೇಲೆ ಕೂತು ಕಾಯುತ್ತಾಳೆ. ಅಕ್ಕ ಬರುವುದಿಲ್ಲ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ, ಮುಂದಿನದರಲ್ಲೂ ಅವಳು ಬರುವುದಿಲ್ಲ.

ನಾನು ಓದಿ ತಲೆ ಎತ್ತಿದೆ. ತವೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಅಮ್ಮಿಯ ಮುಖ ನೋಡಿ ನನಗೆ ಹೆದರಿಕೆಯಾಯಿತು.

ನನಗೂ ಒಬ್ಬ ಅಕ್ಕ ಇದ್ದಾಳೆ. ನಾನವಳನ್ನು ಆಪಾ ಎನ್ನುತ್ತೇನೆ. ಮುಂಡಗೋಡಕ್ಕೆ ಕೊಟ್ಟಿದೆ, ಬಾವನದು ಅಲ್ಲಿ ಹಾರ್ಡ್‌ವೇರ್ ಅಂಗಡಿ. ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಮೊದಲನೆಯದು ಶುರುವಿನಲ್ಲೇ ಹೋಯಿತು, ಎರಡನೆಯದು ಹೊಟ್ಟೆ ತುಂಬಿ ಕಾಣುವಾಗ. ಆಮೇಲೆ ಎರಡೂ ಮನೆಗಳಲ್ಲಿ ಆ ಮಾತನ್ನು ಯಾರೂ ಆಡಲಿಲ್ಲ. ಆಡಿದರೆ ಅವಳಿಗೆ ನೋವಾಗುತ್ತದೆ ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು. ಈಗ ಮತ್ತೆ ಬಸುರಿ, ಏಳನೇ ತಿಂಗಳು, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಅಮ್ಮಿ ಹೋಗಿ ಅಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು. ನಾನು ಬರೆಯುವಾಗ ಇದು ನನ್ನ ತಲೆಯಲ್ಲಿ ಇರಲೇ ಇಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಇರಲಿಲ್ಲ. ನಾನು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನದಿಯನ್ನು ನೋಡುತ್ತಿದ್ದೆ, ಅಷ್ಟೇ.

ಅಮ್ಮಿ ಎದ್ದು ಹೋಗಿ ನಳ ತಿರುಗಿಸಿದಳು. ಅವತ್ತು ನೀರಿನ ದಿನವಲ್ಲ. ನಳ ಬರೀ ಗಾಳಿ ಬಿಟ್ಟಿತು. ಅವಳು ಬುರ್ಖಾ ಹಾಕಿಕೊಂಡು, ರೊಟ್ಟಿ ಅಲ್ಲೇ ಬಿಟ್ಟು ಹೊರಬಿದ್ದಳು. ನಾನು ಕೂಗುತ್ತ ಹಿಂದೆ ಹೋದೆ. ಓಣಿಯ ತುದಿಯಲ್ಲಿ ಆಟೋ ಹಿಡಿದು ನದಿಯ ಸೇತುವೆಯ ಹತ್ತಿರ ಇಳಿದು, ಕೆಳಗೆ ನೀರಿನ ಅಂಚಿಗೆ ಹೋಗಿ, ನನ್ನ ಹನ್ನೆರಡನೆಯ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಕಾಳಿ ನದಿಗೆ ಹೇಳಿದಳು. ಒಂದು ಮಾತೂ ಬಿಡಲಿಲ್ಲ. ನಾನು ಮೇಲೆ ನಿಂತು ಸಿಟ್ಟಿನಿಂದ ಕುದಿಯುತ್ತಿದ್ದೆ. ಅದೇ ಹೊತ್ತಿಗೆ, ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ವಾಪಸ್ ಬರುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ನನಗಿಂತ ಮೊದಲ ಇದನ್ನ ಯಾರು ಕೇಳ್ಯಾರ?”

“ಸಾಲಿ ಹುಡುಗರು.”

“ಕೇಳಿ ಮೊದಲ ಏನಂದ್ರು?”

ಸುಳ್ಳು ಹೇಳಬಹುದಿತ್ತು. ‘ಅಕ್ಕ ಸುಖವಾಗಿ ಬರ್ತಾಳ ಅಂದ್ರು’ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಬಾಯಿಗೆ ಬರಲಿಲ್ಲ. ಅಧ್ಯಾಯ ಮುಗಿದಾಗ ತರಗತಿಯಲ್ಲಿ ಆ ಕೊಂಕಣಿ ಹುಡುಗಿಯೇ ಮೊದಲು ಮಾತಾಡಿದ್ದಳು. ಅವಳು ಅಂದದ್ದನ್ನು ಅಂದಹಾಗೇ ಹೇಳಿದೆ: “ಅಕಿ ಇನ್ನ ಬರಂಗಿಲ್ಲ.”

ಅಮ್ಮಿ ಆಟೋದ ಕಂಬಿ ಹಿಡಿದುಕೊಂಡಳು. ಮನೆಯಲ್ಲಿ ಚಪ್ಪಲಿ ಬಿಡುತ್ತ ಹೇಳಿದಳು: “ಅಕಿನ್ನ ವಾಪಸ್ ತಗೊಂಡ್ ಬಾ. ಹಂಗ ಬರೀದಿದ್ರ ಈ ಪುಸ್ತಕ ಹೊರಗ ಬೀಳೂದು ಬ್ಯಾಡ. ನಿನ್ನ ಆಪಾಗ ಇದರ ಸುದ್ದಿ ಹತ್ತಬಾರದು.”

ಅಬ್ಬಾನ ಮೊರೆ ಹೋದೆ. ಅವನು ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂತಿದ್ದ. “ಇದು ನನ್ನ ಲೈನ್ ಅಲ್ಲವ್ವಾ” ಎಂದು ಮತ್ತೆ ತಲೆ ತಗ್ಗಿಸಿದ.

ಪ್ರಯತ್ನ ಮಾಡಲಿಲ್ಲವೆಂದು ಯಾರೂ ಅನ್ನಬಾರದು. ಮುಂದಿನ ವಾರವೆಲ್ಲ ಬಸ್ಸಿನಲ್ಲಿ ಅಕ್ಕನನ್ನು ವಾಪಸ್ ಕರೆತರಲು ಒದ್ದಾಡಿದೆ. ಒಂದು ಸಲ ಪರಿಗಳು ಅವಳನ್ನು ಬಿದಿರಿನ ತೆಪ್ಪದಲ್ಲಿ ಕೂಡಿಸಿ ಕಳಿಸಿದರು. ಇನ್ನೊಂದು ಸಲ ಎಲ್ಲವೂ ಕನಸಾಗಿತ್ತು. ಕೊನೆಗೆ ತೆಪ್ಪದ್ದನ್ನೇ ಇಟ್ಟುಕೊಂಡು ಶನಿವಾರ ಓದಿದೆ. ಮಕ್ಕಳು ಸುಮ್ಮನೆ ಕೇಳಿದರು, ಬೆಲ್ ಹೊಡೆದ ತಕ್ಷಣ ಚೀಲ ಎತ್ತಿಕೊಂಡರು. ಆ ಹುಡುಗಿ ಬಾಗಿಲಲ್ಲಿ ನಿಂತಳು. “ಟೀಚರ್, ಇದು ಕಪಾಟಿನ ಪುಸ್ತಕದಂಗ ಆತು” ಎಂದಳು. ಅವಳಿಗೆ ನನ್ನ ಮೇಲೆ ಕನಿಕರ ಇದ್ದದ್ದು ಕಂಡಿತು. ಮಕ್ಕಳ ಸಿಟ್ಟನ್ನು ತಡೆದುಕೊಳ್ಳಬಹುದು, ಕನಿಕರವನ್ನು ತಡೆದುಕೊಳ್ಳುವುದು ಕಷ್ಟ.

ಅವತ್ತು ಬಸ್ಸಿನಲ್ಲಿ ತೆಪ್ಪವನ್ನು ಅಳಿಸಿಹಾಕಿದೆ. ಪುಸ್ತಕ ನಿಜವಾಗಿ ಇರುವುದು ಆ ಅಧ್ಯಾಯದಲ್ಲೇ ಎಂದು ನನಗೆ ಖಚಿತವಿತ್ತು. ಫೋನಿನಲ್ಲಿ ಕಥೆ ಕೇಳಿದ ಪ್ರಕಾಶಕರೂ ಅದನ್ನೇ ಹೇಳಿದ್ದರು, ತಿಂಗಳ ಕೊನೆಗೆ ಕಳಿಸಿ, ಇಲ್ಲವಾದರೆ ಮುಂದಿನ ವರ್ಷ ನೋಡೋಣ ಎಂದೂ ಹೇಳಿದ್ದರು. ಆದರೆ ಒಂದು ಮಾತು ನನ್ನನ್ನು ಬಿಡಲಿಲ್ಲ. ಕಳಿಸಿದ ಮೇಲೆ ಮುಂಡಗೋಡದಲ್ಲಿ ಏನಾದರೂ ಆದರೆ? ಪುಸ್ತಕದಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಅಮ್ಮಿ ಜೀವಮಾನವೆಲ್ಲ ನನ್ನನ್ನು ನೋಡಿದಾಗ ಆ ನದಿಯ ಅಂಚನ್ನೇ ನೆನೆಯುತ್ತಾಳೆ. ಅದನ್ನು ಹೊತ್ತುಕೊಂಡು ಬದುಕುವ ಧೈರ್ಯ ನನಗಿರಲಿಲ್ಲ. ಅಧ್ಯಾಯ ಕೀಳುವ ಧೈರ್ಯವೂ ಇರಲಿಲ್ಲ. ಹಾಗಾದರೆ ಕೇಳಬೇಕಾದವಳನ್ನೇ ಕೇಳಿಬಿಡುತ್ತೇನೆ ಎಂದು ನಿರ್ಧರಿಸಿದೆ. ನಾವಿಬ್ಬರೂ ಆಪಾಳ ಹೆಸರಿನಲ್ಲಿ ಜಗಳವಾಡುತ್ತಿದ್ದೆವು, ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಮ್ಮಿ ಮುಂಡಗೋಡಕ್ಕೆ ಹೊರಡುವ ಭಾನುವಾರ ಅವಳ ಗಂಟು ನಾನೇ ಎತ್ತಿಕೊಂಡೆ. “ನಾನೂ ಬರ್ತೇನಿ. ಆಪಾಗ ಓದಿ ಹೇಳ್ತೇನಿ. ಅಕಿ ಬ್ಯಾಡ ಅಂದ್ರ ಪುಸ್ತಕಾನ ಬಿಡ್ತೇನಿ” ಎಂದೆ.

“ಓದಿ ನೋಡು” ಎಂದಳು ಅಮ್ಮಿ. ಅದು ಒಪ್ಪಿಗೆಯಲ್ಲ, ಬೆದರಿಕೆ.

ಹಳಿಯಾಳದವರೆಗೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಹಳಿಯಾಳದಲ್ಲಿ ಬಸ್ಸು ಬದಲಿಸಿದೆವು. ತೇರಗಾಂವದ ಕಡೆಯ ಒಬ್ಬ ರೈತ ಹೆಂಗಸು, ಹಣೆಗೆ ವಿಭೂತಿ, ತೊಡೆಯ ಮೇಲೆ ಸೊಪ್ಪಿನ ಬುಟ್ಟಿ, ಅಮ್ಮಿಯ ಪಕ್ಕದಲ್ಲಿ ಕೂತಳು. ಅಮ್ಮಿಯ ಮುಖದಲ್ಲಿ ಏನು ಬರೆದಿದೆಯೋ ಗೊತ್ತಿಲ್ಲ, ಎಲ್ಲಿ ಹೋದರೂ ಜನ ಅವಳಿಗೆ ಮನಸ್ಸಿನದನ್ನು ಹೇಳುತ್ತಾರೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಹೆಂಗಸು, ಖಾಲಿ ಮನೆಯ ನಡುವೆ ತಮ್ಮ ಎತ್ತು ಒಂದೇ ನಿಂತಿದ್ದ ಕನಸು ಬಿತ್ತೆಂದು, ಅದರಿಂದ ಜೀವಕ್ಕೆ ಸಮಾಧಾನ ಇಲ್ಲವೆಂದು ಹೇಳತೊಡಗಿದಳು.

ಅಮ್ಮಿ ಅವಳ ಕೈ ಹಿಡಿದುಕೊಂಡಳು. “ಖೈರ್, ಖೈರ್. ಮನೀಗೆ ಆಸರಾ ಬಂದ್ ನಿಂತೈತಿ ಅಕ್ಕಾರ. ಹಂಗ ತಿಳ್ಕೋರಿ” ಎಂದಳು.

ಹೆಂಗಸಿನ ಮುಖ ಬಿಚ್ಚಿಕೊಂಡಿತು. ನಾನು ಅಮ್ಮಿಯನ್ನು ನೋಡುತ್ತಿದ್ದೆ. ಆ ಮಾತು ಹೇಳುವಾಗ ಅವಳು ಸುಮ್ಮನೆ ಸಮಾಧಾನ ಮಾಡುತ್ತಿರಲಿಲ್ಲ. ಹಲ್ಲು ಕಚ್ಚಿ, ಯಾರಿಗೋ ಎದುರು ನಿಂತಂತೆ ಹೇಳುತ್ತಿದ್ದಳು. ಇಷ್ಟು ವರ್ಷ ನಾನು ನಗುತ್ತ ಬಂದ ಆ ಅರ್ಥಗಳೆಲ್ಲ ಅವಳಿಗೆ ದಿನದಿನದ ಹೋರಾಟವಾಗಿದ್ದವು. ನನ್ನ ಹಟ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ಅವಳ ಮೇಲಿದ್ದ ಸಿಟ್ಟು ಇಳಿದುಹೋಯಿತು, ಆದರೆ ನಾನು ಬಂದ ಕೆಲಸ ಬಿಡಲಿಲ್ಲ.

ಆಪಾ ಕಿಟಕಿಯ ಪಕ್ಕದ ಮಂಚದ ಮೇಲೆ ಎಡಕ್ಕೆ ಹೊರಳಿ ಮಲಗಿದ್ದಳು. ಕಾಲು ಬಾತಿದ್ದವು. ನಮ್ಮನ್ನು ನೋಡಿ “ಬರ್ರಿ, ಮಲಗಿ ಮಲಗಿ ಬೆನ್ನಿಗೆ ಬೇರು ಬಂದಾವ” ಎಂದಳು. ಬಾವ ಚಹಾ ಇಟ್ಟು ಅಂಗಡಿಗೆ ಹೋದ. ಅಮ್ಮಿ ಮಂಚದ ಕಾಲದೆಸೆಯಲ್ಲಿ ಕೂತು ಆಪಾಳ ಪಾದಕ್ಕೆ ಎಣ್ಣೆ ಹಚ್ಚತೊಡಗಿದಳು, ಕಣ್ಣು ಮಾತ್ರ ನನ್ನ ಮೇಲೆ.

ನಾನು ಪೀಠಿಕೆ ಹಾಕಲಿಲ್ಲ. “ಆಪಾ, ನನ್ನ ಪುಸ್ತಕದಾಗ ಒಬ್ಬಾಕಿ ಅಕ್ಕ ನೀರಾಗ ಹೋಗ್ತಾಳ. ವಾಪಸ್ ಬರಂಗಿಲ್ಲ. ಅಮ್ಮಿಗೆ ಅದು ನೀನ ಅಂತ ಹೆದರಿಕಿ. ನೀ ಕೇಳಿ ಹೇಳು.”

ಅಮ್ಮಿಯ ಕೈ ನಿಂತಿತು. ಆಪಾ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. “ಓದು” ಎಂದಳು.

ಓದಿದೆ. ಬೇಕಾದ್ದಕ್ಕಿಂತ ಜೋರಾಗಿ ಓದಿದೆ. ಅಕ್ಕ ನೀರಿಗೆ ಇಳಿಯುವಲ್ಲಿ ಆಪಾ ಕಣ್ಣು ಮುಚ್ಚಿಕೊಂಡಳು. ಮುಗಿದಾಗ ಕಣ್ಣು ತೆರೆದಳು.

“ಅಕಿ ಎದಕ್ಕ ಹೋಗ್ಯಾಳ?” ಎಂದು ಕೇಳಿದಳು ಆಪಾ.

“ನೀರಿಗೆ ಹೇಳಿದ ಕನಸ ವಾಪಸ್ ಕೇಳಾಕ.”

“ಯಾವ ಕನಸ?”

ಅದನ್ನು ನಾನು ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೂ ಇರಲಿಲ್ಲ.

“ನನಗ ಗೊತ್ತೈತಿ” ಎಂದಳು ಆಪಾ. “ಆ ಎರಡೂ ಸಲ ದವಾಖಾನಿಯಿಂದ ಬಂದ ಮ್ಯಾಲೆ ನಾ ಬಚ್ಚಲದಾಗ ನಳಾ ಬಿಟ್ಟು ಬಿದ್ದ ಕನಸೆಲ್ಲಾ ಹೇಳೀನಿ. ಅವು ನನ್ನ ಕೂಸು ಅಂತ, ಎತ್ಕೊಂಡೀನಿ ಅಂತ, ಎಲ್ಲಾ. ಅಮ್ಮಿ ಹೇಳಿಕೊಟ್ಟಂಗ. ಆಮ್ಯಾಲ ಯಾರೂ ನನ್ನ ಮುಂದ ಅವರ ಮಾತ ತಗೀಲಿಲ್ಲ. ನೀನೂ ತಗೀಲಿಲ್ಲ. ಅವು ಇರಲೇ ಇಲ್ಲೇನೋ ಅನ್ನೂವಂಗ ಎಲ್ಲಾರೂ ಇದ್ರಿ. ನಿನ್ನ ಪುಸ್ತಕದಾಗರೆ ಒಬ್ಬಾಕಿ ಅವರನ್ನ ಹುಡುಕ್ಕೊಂಡ್ ಹೋಗ್ಯಾಳ. ಅಕಿ ಸತ್ತಿಲ್ಲ. ಮಕ್ಕಳ ಹತ್ರ ಕುಂತಾಳ. ಅಕಿನ್ನ ಎಬ್ಬಿಸಿ ಕರಕೊಂಡ್ ಬರಬ್ಯಾಡ.”

ನಾನು ಅಳುತ್ತಿದ್ದೆ. ಬರೆದವಳು ನಾನು, ಓದಿದವಳೂ ನಾನು, ನನ್ನ ಅಧ್ಯಾಯ ಏನೆಂದು ಆಗ ತಿಳಿಯಿತು. ಎಷ್ಟೋ ವರ್ಷ ಅವಳ ಪಕ್ಕ ಮಲಗಿ ಬೆಳೆದವಳು, ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

“ಇನ್ನೊಂದು” ಎಂದಳು ಆಪಾ, ಗಟ್ಟಿಯಾಗಿ. “ನನ್ನ ಹೆರಿಗಿ ಆಗೂದಕ್ಕ ಮೊದಲ ಕಳಸ್ಬೇಕು. ಹೆರಿಗಿ ಆಗ್ಲಿ, ಕೂಸು ನೋಡಿ ಆಮ್ಯಾಲ ಕಳಸ್ತೇನಿ ಅಂತ ಕುಂತ್ರ ನಾ ನಿನ್ನ ಮಾತಾಡ್ಸಂಗಿಲ್ಲ. ನಾ ಹೆದರಿಲ್ಲ. ನೀವೂ ಹೆದರಬ್ಯಾಡ್ರಿ.”

ಹಾಗೆಯೇ ಕಳಿಸಿದೆ. ಪುಸ್ತಕ ಬಂದಿದೆ, ಜೊಯಿಡಾದ ಶಾಲೆಯ ಕಪಾಟಿನಲ್ಲಿ ಇದೆ. ಓದುವವರಿಗೆ ಆಪಾಳ ಚಿಂತೆ ಹತ್ತಿರುತ್ತದೆ, ಅದನ್ನೂ ಹೇಳಿಬಿಡುತ್ತೇನೆ: ಕೂಸು ಹುಟ್ಟಿತು, ಹೆಣ್ಣು, ಚೆನ್ನಾಗಿದೆ, ವಿಪರೀತ ಕೂಗುತ್ತದೆ. ಆದರೆ ಇದನ್ನು ಯಾರೂ ಪುಸ್ತಕದ ಪುಣ್ಯವೆಂದೋ, ಅಮ್ಮಿಯ ಹೆದರಿಕೆ ಸುಳ್ಳಾಯಿತೆಂದೋ ಎಣಿಸಬಾರದು. ಆಪಾ ನಿರ್ಧಾರ ಮಾಡಿದಾಗ ಇದು ಯಾವುದೂ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಬೇಕಾದದ್ದು ಆ ಭಾನುವಾರದ್ದು, ಮತ್ತು ಅದು ಇನ್ನೂ ಮುಗಿದಿರಲಿಲ್ಲ.

ಅಮ್ಮಿ ಬೈಯುತ್ತಾಳೆ ಎಂದುಕೊಂಡೆ, ಅಥವಾ ಎದ್ದು ಹೋಗಿ ನಳ ಬಿಡುತ್ತಾಳೆ ಎಂದುಕೊಂಡೆ. ಅವಳು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, ಆಪಾಳನ್ನು ನೋಡದೆ, ನನ್ನ ಕೈಯಲ್ಲಿದ್ದ ಫೋನನ್ನು ನೋಡುತ್ತ ಕೇಳಿದಳು: “ಆ ಎರಡೂ ಹುಡುಗರಿಗೆ ಅಲ್ಲೆ ಉಣ್ಣಾಕ ಯಾರು ಹಾಕ್ತಾರ?”

“ಬರದಿಲ್ಲ, ಅಮ್ಮಿ.”

“ಯಾಕ ಬರದಿಲ್ಲ? ನೀರಾಗ ಥಂಡಿ ಇರ್ತೈತಿ. ಬಿಸೀದೇನರೆ ಬೇಕಾಗ್ತೈತಿ. ದೊಡ್ಡಾವಗ ಶಾವಿಗಿ ಹಾಲು ಅಂದ್ರ ಆತು, ಉಂಡು ಸುಮ್ಮನ ಮಲಗ್ತಾನ. ಸಣ್ಣಾಕೀಗೆ ಸಿಹಿ ಸೇರಂಗಿಲ್ಲ. ಅಕೀಗೆ ಗಂಜಿ, ಅದೂ ಮೆತ್ತಗ ಮಾಡಿ.”

ಆಪಾ ಮೊಣಕೈ ಊರಿ ಅರ್ಧ ಎದ್ದಳು. ಏಳಬಾರದೆಂದು ಡಾಕ್ಟರು ಹೇಳಿದ್ದು ನಮ್ಮ ಮೂವರಿಗೂ ಮರೆತುಹೋಗಿತ್ತು. “ಅಮ್ಮಿ, ನಿನಗ ಹೆಂಗ ಗೊತ್ತು?”

“ನನ್ನ ಕನಸಿನಾಗ ಬರ್ತಾರಲ್ಲ.”

ಇಡೀ ಓಣಿಯ ಕನಸು ಕೇಳುವವಳು ತನ್ನ ಕನಸು ಹೇಳಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಅವಳಿಗೂ ಕನಸು ಬೀಳುತ್ತದೆ ಎಂದೇ ನನಗೆ ಹೊಳೆದಿರಲಿಲ್ಲ.

“ಯಾರಿಗೂ ಹೇಳಿಲ್ಲೇನು?” ಎಂದೆ. “ನೀರಿಗೂ?”

“ನೀರಿಗೆ ಹೇಳಿದ್ರ ಒಯ್ದುಬಿಡ್ತೈತಿ” ಎಂದಳು ಅಮ್ಮಿ. “ಆಮ್ಯಾಲ ಅವರು ಬರಂಗಿಲ್ಲ.”

ಆಪಾ ಗೋಡೆಯ ಕಡೆ ಸರಿದು, ಮಂಚದ ಮೇಲೆ ಅಮ್ಮಿಗೆ ಜಾಗ ಮಾಡಿದಳು. ಅಮ್ಮಿ ಹತ್ತಿ ಕೂತಳು. “ಹೇಳು” ಎಂದಳು ಆಪಾ, “ಅವರು ಹೆಂಗ ಅದಾರ, ಮೊದಲಿಂದ ಹೇಳು.”

ಅಮ್ಮಿ ಹೇಳತೊಡಗಿದಳು. ನಾನು ಫೋನು ತೆಗೆದು ಬರೆದುಕೊಂಡೆ.